ಮೊದಲ ನೀರು

ಬಟ್ಟೆ ಒಗೆಯುವ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಇಪ್ಪತ್ತಾರು ವರ್ಷದಿಂದ ಚರ್ಚಿನ ಹಿಂದುಗಡೆಯ ಒಗೆಯುವ ಕೋಣೆ ನನ್ನ ಕೈಯಲ್ಲಿದೆ. ಒಂದು ಕಲ್ಲಿನ ತೊಟ್ಟಿ, ಎರಡು ನಲ್ಲಿ, ಆಳು ಕೂರುವಷ್ಟು ದೊಡ್ಡ ಹಂಡೆ, ಅದರ ಕೆಳಗೆ ಗ್ಯಾಸಿನ ಒಲೆ. ಗುರುವಾರ ಒಗೆತದ ದಿನ. ಅದಕ್ಕೊಂದು ಸರದಿ ಇದೆ. ಮೊದಲ ನೀರು ಬಲಿಪೀಠದ ಬಟ್ಟೆಗೆ, ಆಮೇಲಿನದು ಆರಾಧನೆಯಲ್ಲಿ ಹಾಡುವ ಕ್ವಾಯರಿನವರ ಬಿಳಿ ನಿಲುವಂಗಿಗಳಿಗೆ, ಉಳಿದದ್ದು ಕೈ ಒರೆಸುವ ಟವೆಲುಗಳಿಗೆ. ನನಗಿಂತ ಮುಂಚೆ ಇದ್ದವಳು ಹಾಗೆ ಮಾಡುತ್ತಿದ್ದಳು, ನಾನೂ ಹಾಗೇ ಮಾಡಿಕೊಂಡು ಬಂದೆ. ಯಾಕೆ ಅಂತ ಒಂದು ದಿನವೂ ಕೇಳಿದವಳಲ್ಲ.

ಆ ಗುರುವಾರ ಬೆಳಿಗ್ಗೆ ಹಂಡೆಯ ನೀರು ಇನ್ನೇನು ಕುದಿಯಬೇಕು, ಬಾಗಿಲಲ್ಲಿ ಮೂರು ಜನ ನಿಂತಿದ್ದರು. ಒಬ್ಬಳು ಮುದುಕಿ, ಅವಳ ಮಗಳು, ಮೂರನೇ ಕ್ಲಾಸಿನ ಮೊಮ್ಮಗಳು. ಮೂವರ ತಲೆಯ ಮೇಲೂ ಹೊದಿಕೆಯ ಗಂಟು. ಹುಡುಗಿ ನಿಂತಲ್ಲಿ ನಿಲ್ಲದೆ ಕೆರೆದುಕೊಳ್ಳುತ್ತಿದ್ದಳು. ಬೆರಳ ಸಂದಿಯಲ್ಲಿ ಕಜ್ಜಿ ಕೆಂಪಗೆ ಎದ್ದಿತ್ತು.

"ಅಕ್ಕಾ, ಡಾಕ್ಟರು ಮುಲಾಮು ಕೊಟ್ಟಿದ್ದಾರೆ," ಎಂದಳು ತಾಯಿ. "ಅದನ್ನ ಹಚ್ಚಿದ್ಮೇಲೆ ಉಟ್ಟಿದ್ದು, ಹೊದ್ದಿದ್ದು ಎಲ್ಲಾ ಒಂದೇ ದಿನ ಕುದಿಸ್ಬೇಕಂತೆ. ಇವತ್ತು ಒಂದ್ಸಲ, ಬರೋ ಗುರುವಾರ ಇನ್ನೊಂದ್ಸಲ. ಅದರ ಮಾರನೇ ದಿನ ಶಾಲೆಗೆ ನರ್ಸಮ್ಮ ಬಂದು ಇವಳ ಕೈ ನೋಡ್ತಾರೆ. ಆಗ್ಲೂ ಕಜ್ಜಿ ಇದ್ರೆ ಹೆಸರು ತೆಗೆದು ಹಾಕ್ತಾರಂತೆ."

ಅವರಿದ್ದದ್ದು ಮುಚ್ಚಿಹೋದ ಕಾರ್ಖಾನೆಯ ಮೆಟ್ಟಿಲ ಕೆಳಗೆ. ಇದ್ದ ಸ್ಟವ್ವಿನಲ್ಲಿ ಒಂದು ಪಾತ್ರೆ ಅನ್ನ ಬೇಯಿಸಬಹುದೇ ಹೊರತು ಮೂರು ಹೊದಿಕೆ ಕುದಿಸುವುದು ಕನಸಿನ ಮಾತು. ನಾಲ್ಕು ಕಡೆ ಕೇಳಿದ್ದರಂತೆ. ಕಜ್ಜಿ ಅಂದ ಕೂಡಲೇ ನಾಲ್ಕೂ ಬಾಗಿಲು ಮುಚ್ಚಿದ್ದವು.

ಬಲಿಪೀಠದ ಬಟ್ಟೆ ಹಂಡೆಯ ಪಕ್ಕ ಬುಟ್ಟಿಯಲ್ಲಿ ಕಾಯುತ್ತಿತ್ತು. ಬುಟ್ಟಿಯನ್ನು ಆಚೆ ಸರಿಸಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಕಾಲಿನಿಂದಲೇ ಸರಿಸಿದೆ.

"ಬಿಚ್ಚಿ ಹಾಕಿ, ಎಲ್ಲಾ," ಎಂದೆ.

ಮೂವರೂ ಮುಖ ಮುಖ ನೋಡಿಕೊಂಡರು. ಆಗಲೇ ನನ್ನ ಮಂಡೆಗೆ ಹೊಳೆದದ್ದು. ಎಲ್ಲವನ್ನೂ ಬಿಚ್ಚಿದರೆ ಇವರು ಉಡುವುದೇನು? ಗಂಟಿನಲ್ಲಿದ್ದದ್ದೂ ಕುದಿಯಬೇಕಾದದ್ದೇ. ಬೀರು ತೆಗೆದೆ. ಕ್ವಾಯರಿನ ಹೆಚ್ಚುವರಿ ನಿಲುವಂಗಿಗಳು ಮೂರು, ಇಸ್ತ್ರಿ ಹಾಕಿ ಮಡಿಸಿಟ್ಟವು, ಅಲ್ಲಿದ್ದವು. ನೋಡುವುದೇನು, ಕೊಟ್ಟೇಬಿಟ್ಟೆ. ಹುಡುಗಿಗೆ ಸಿಕ್ಕಿದ್ದು ಆರಡಿ ಆಳಿನ ಅಂಗಿ. ತೋಳು ನೆಲ ಗುಡಿಸುತ್ತಿತ್ತು.

"ನಾನು ದೇವದೂತೆ ಥರ ಇದ್ದೀನಾ?" ಎಂದು ಕೇಳಿದಳು.

"ಇದ್ದೀಯ ಇದ್ದೀಯ. ಕೆರ್ಕೊಳ್ಳೋ ದೇವದೂತೆ."

ಮುದುಕಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹಂಡೆ ಕುದಿಯಿತು. ಮರದ ಕೋಲಿನಿಂದ ಹೊದಿಕೆಗಳನ್ನು ತಿರುವುತ್ತಿದ್ದೆ. ಅಷ್ಟರಲ್ಲಿ ಬೀಗದಣ್ಣ ಬಂದ.

ಅವನು ಸಭೆಯ ಕಾರ್ಯದರ್ಶಿ. ಚರ್ಚಿನ ಬಾಗಿಲು, ಬೀರು, ಕೊನೆಗೆ ಸಕ್ಕರೆ ಡಬ್ಬಿ ಇಡುವ ಗೂಡಿಗೂ ಬೀಗ ಹಾಕಿಸಿದ ಮಹಾನುಭಾವ. ಬೆನ್ನ ಹಿಂದೆ ಎಲ್ಲರೂ ಕರೆಯುವುದು ಬೀಗದಣ್ಣ ಎಂದೇ. ಹೊಸ್ತಿಲಲ್ಲಿ ನಿಂತು, ಬಿಳಿ ಅಂಗಿ ತೊಟ್ಟು ಬೆಂಚಿನ ಮೇಲೆ ಸಾಲಾಗಿ ಕೂತ ಮೂವರನ್ನು ನೋಡಿದ.

"ಅದು ನಮ್ಮಮ್ಮ ಹೊಲಿದ ಅಂಗಿ," ಎಂದ. ಸುಳ್ಳಲ್ಲ, ಆ ನಿಲುವಂಗಿಗಳನ್ನೆಲ್ಲ ಹೊಲಿದುಕೊಟ್ಟವರು ಅವನ ತಾಯಿ. ಅವರು ತೀರಿಕೊಂಡು ಎರಡು ವರ್ಷ. ಒಂದು ಗಳಿಗೆ ಪಾಪ ಅನ್ನಿಸಿತು ನನಗೆ.

"ಒಳ್ಳೇ ಹೊಲಿಗೆ," ಎಂದೆ. "ನೋಡಿ, ಮಗು ಮೈ ಪೂರ್ತಿ ಮುಚ್ಚಿದೆ."

"ಬಲಿಪೀಠದ ಬಟ್ಟೆ ಬೀಳೋ ಹಂಡೆಗೆ ಕಜ್ಜಿ ಬಟ್ಟೆ ಹಾಕಿದ್ದೀರಲ್ಲಕ್ಕಾ, ನಿಮಗೆ ತಲೆ ಸರಿ ಇದೆಯಾ? ಕಾಯಿಲೆ ಹರಡಿದ್ರೆ ಯಾರು ಜವಾಬ್ದಾರಿ?"

"ಕುದಿಯೋ ನೀರಲ್ಲಿ ಕಜ್ಜಿ ಹುಳ ಸಾಯುತ್ತಣ್ಣಾ. ನಿಮ್ಮ ಹೆದರಿಕೆ ಸಾಯ್ಸೋಕೆ ಎಷ್ಟು ಕುದಿಸ್ಬೇಕೋ ನಂಗೊತ್ತಿಲ್ಲ."

ಅವನು ತಿರುಗಿ ಹೊರಟುಹೋದ. ಸಂಜೆ ಅವರ ಬಟ್ಟೆ ಒಣಗಿ, ಉಟ್ಟುಕೊಂಡು ಹೊರಟ ಮೇಲೆ ಬಂದು, ಮೊಳೆಗೆ ನೇತುಹಾಕಿದ್ದ ಕೀ ತೆಗೆದುಕೊಂಡ. ಒಗೆಯುವ ಕೋಣೆಯ ಬಾಗಿಲಿಗೆ ಬೀಗ ಜಡಿದ. ನಾನು ಇನ್ನೂ ಒಗೆಯದೆ ಉಳಿದ ಬಟ್ಟೆಗಳ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಪಾದ್ರಿಗಳ ಮನೆಗೆ ಹೋದೆ. ಪಾದ್ರಿಗಳು ಒಳ್ಳೆಯವರು, ಆದರೆ ಜೋರಾಗಿ ಕೆಮ್ಮುವುದಕ್ಕೂ ಸಮಿತಿಯ ಒಪ್ಪಿಗೆ ಕೇಳುವವರು.

"ಸಮಿತಿಯಲ್ಲಿ ಇಡೋಣಮ್ಮಾ," ಎಂದರು. "ಮುಂದಿನ ತಿಂಗಳು ಸೇರುತ್ತೆ."

"ಅಯ್ಯನವರೇ, ಆ ಮಗುಗೆ ಇರೋದು ಒಂದು ವಾರ."

ಅವರು ಕನ್ನಡಕ ಒರೆಸಿಕೊಂಡರು. ಅಷ್ಟೇ.

ಬುಟ್ಟಿ ನನ್ನ ಮನೆಗೆ ಬಂತು. ಅದರಲ್ಲಿ ಬಲಿಪೀಠದ ಬಟ್ಟೆ, ಕ್ವಾಯರಿನವರ ಅಷ್ಟೂ ಅಂಗಿ, ಆ ಮೂವರು ತೊಟ್ಟಿದ್ದವೂ ಸೇರಿ. ಮನೆಯ ಬಕೆಟ್ಟಿನಲ್ಲೇ ಒಗೆಯಬಹುದಿತ್ತು. ಒಗೆಯಲಿಲ್ಲ. ಮೈ ಕೈ ನೋವಿರಲಿಲ್ಲ, ಸೋಪು ಖಾಲಿಯಾಗಿರಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು, ಅದಕ್ಕೆ ಒಗೆಯಲಿಲ್ಲ.

ಭಾನುವಾರ ಜನ ಒಳಗೆ ಬಂದವರು ಬಂದಲ್ಲೇ ನಿಂತರು. ಬಲಿಪೀಠ ಬರೀ ಮರ. ಮೇಲೆ ಮೇಣದ ಕಲೆ, ಒಂದು ಸುಟ್ಟ ಗುರುತು, ಇಷ್ಟು ವರ್ಷ ಬಟ್ಟೆಯ ಕೆಳಗೆ ಇದ್ದದ್ದೆಲ್ಲ ಕಣ್ಣಿಗೆ ಹೊಡೆಯುತ್ತಿತ್ತು. ಕ್ವಾಯರಿನವರು ಮನೆಯ ಬಟ್ಟೆಯಲ್ಲೇ ನಿಂತಿದ್ದರು. ಗ್ಯಾರೇಜಿನ ಮೇಸ್ತ್ರಿಯ ಅಂಗಿಗೆ ಗ್ರೀಸು ಮೆತ್ತಿತ್ತು. ಪಾದ್ರಿಗಳು ರೊಟ್ಟಿ, ದ್ರಾಕ್ಷಾರಸದ ಬಟ್ಟಲು ಹಿಡಿದುಕೊಂಡು ಬಂದು, ಎಲ್ಲಿಡಬೇಕೋ ತಿಳಿಯದೆ ನನ್ನ ಕಡೆ ನೋಡಿದರು.

"ಬಟ್ಟೆ ಎಲ್ಲಮ್ಮಾ?"

ನಾನು ಎದ್ದು ನಿಂತೆ.

"ನಮ್ಮನೇಲಿದೆ, ಕೊಳೆಯಾಗೇ ಇದೆ," ಎಂದೆ. "ನನ್ನ ಒಗೆತಕ್ಕೊಂದು ಸರದಿ ಇದೆ ಅಯ್ಯನವರೇ. ಇಷ್ಟು ದಿನ ಬಲಿಪೀಠ ಮೊದಲು ಅಂತಿತ್ತು. ಅದು ತಪ್ಪು. ಕೆರ್ಕೊಂಡು ಕೆರ್ಕೊಂಡು ನಿದ್ದೆ ಇಲ್ಲದ ಮಗು ಬಾಗಿಲಿಗೆ ಬಂದ್ರೆ ಅವಳ ಬಟ್ಟೆ ಮೊದಲು, ದೇವರದ್ದು ಆಮೇಲೆ. ದೇವರಿಗೆ ಬೇಜಾರಾಗಲ್ಲ, ಅಷ್ಟು ನಂಗೆ ಗೊತ್ತು. ಆ ಮೊದಲ ಸರದಿಗೆ ಬೀಗ ಬಿದ್ದಿದೆ. ಅದು ಮುಗಿಯೋವರೆಗೂ ಎರಡನೇದು ಶುರುವಾಗಲ್ಲ."

"ಇದು ಆರಾಧನೆ ಸಮಯ!" ಎಂದು ಬೀಗದಣ್ಣ ಮುಂದಿನ ಸಾಲಿನಿಂದ ಎದ್ದ.

"ಅದಕ್ಕೇ ಇಲ್ಲಿ ಹೇಳ್ತಿದ್ದೀನಿ. ಸಂತೇಲಿ ಹೇಳಿದ್ರೆ ಏನು ಬಂತು?"

ಮೇಸ್ತ್ರಿ ಕೆಮ್ಮಿದ. "ನಮ್ಮದೇನೂ ಅಭ್ಯಂತರ ಇಲ್ಲಕ್ಕಾ. ನಾವು ಹೀಗೇ ಹಾಡ್ತೀವಿ. ರಾಗಕ್ಕೆ ಗ್ರೀಸು ಹತ್ತಲ್ಲ." ಹಿಂದಿನ ಬೆಂಚುಗಳಲ್ಲಿ ಯಾರೋ ಕಿಸಕ್ಕೆಂದರು.

ಪಾದ್ರಿಗಳು ರೊಟ್ಟಿ, ಬಟ್ಟಲನ್ನು ಬರೀ ಮರದ ಮೇಲೆ ಇಟ್ಟರು. ಮೆಟ್ಟಿಲಿಳಿದು ಬೀಗದಣ್ಣನ ಮುಂದೆ ಬಂದು ಕೈ ಚಾಚಿದರು.

"ಕೀ ಕೊಡಪ್ಪಾ," ಎಂದರು.

"ಸಮಿತಿ..."

"ಸಮಿತಿಗೆ ನಾನು ಉತ್ತರ ಹೇಳ್ತೀನಿ. ಕೀ ಕೊಡು."

ಎಷ್ಟು ಹೊತ್ತಾದರೂ ಅವರು ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಬೀಗದಣ್ಣ ಜೇಬಿನಿಂದ ಕೀ ತೆಗೆದು ಅಂಗೈಗೆ ಹಾಕಿ, ಯಾರ ಮುಖವನ್ನೂ ನೋಡದೆ ಕೂತುಬಿಟ್ಟ. ನನಗೆ ಅಳು ಒತ್ತಿಕೊಂಡು ಬಂತು. ಅಳಲಿಲ್ಲ, ಅವನೆದುರು ಅಳುವುದೇ?

ಗುರುವಾರ ಹಂಡೆ ಮತ್ತೆ ಕುದಿಯಿತು. ಈ ಸಲ ಮೂವರಿಗೂ ಉಡಲು ಮೇಸ್ತ್ರಿಯ ಹೆಂಡತಿ ಮನೆಯಿಂದ ಬಟ್ಟೆ ತಂದಿದ್ದಳು. ಶುಕ್ರವಾರ ಮಧ್ಯಾಹ್ನ ಹುಡುಗಿ ಶಾಲೆಯಿಂದ ಓಡೋಡಿ ಬಂದು, ಹತ್ತೂ ಬೆರಳು ಅಗಲಿಸಿ ನನ್ನ ಮೂಗಿನ ಹತ್ತಿರ ಹಿಡಿದಳು. ನರ್ಸಮ್ಮ ಒಂದೊಂದೇ ಸಂದಿ ನೋಡಿ, ಕ್ಲಾಸಿಗೆ ಹೋಗಿ ಕೂತ್ಕೋ ಅಂದರಂತೆ.

ಆ ಭಾನುವಾರ ಬಲಿಪೀಠಕ್ಕೆ ಬಟ್ಟೆ ಹಾಸುತ್ತಿದ್ದೆ. ಬೀಗದಣ್ಣ ಪಕ್ಕಕ್ಕೆ ಬಂದು, ಅಂಚನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ಹಾಲಿನಂತಿತ್ತು. ಹೆಸರಿಡಲು ಒಂದು ಚುಕ್ಕೆಯೂ ಇರಲಿಲ್ಲ.

"ಇದನ್ನ ಯಾವ ನೀರಲ್ಲಿ ಒಗೆದಿದ್ದು?" ಎಂದು ಮೆಲ್ಲಗೆ ಕೇಳಿದ.

ಕೊನೇ ಬೆಂಚಿಗೂ ಕೇಳುವ ಹಾಗೆ ಹೇಳಿದೆ: "ಎರಡನೇ ನೀರಲ್ಲಿ."