ಅಲುಗದ ಬಂಡೆ

ಹಾರೆ ಬಂಡೆಗೆ ಬಡಿದು ಕಿಡಿ ಹಾರಿತು. ಗುಣಿ ಇನ್ನೂ ಮೊಣಕಾಲುದ್ದ. ಬಸವಪ್ರಸಾದನ ಹೆಣ ಹೊಲದ ಬದುವಿನಲ್ಲಿ ಕುರ್ಚಿಗೆ ಕಟ್ಟಿಸಿಕೊಂಡು, ಒಡೆದ ತಲೆಗೆ ಬಿಗಿದ ಬಟ್ಟೆಯ ಮೇಲೆ ವಿಭೂತಿ ಬಳಿಸಿಕೊಂಡು ಕಾಯುತ್ತಿತ್ತು.

"ಕೂರ್ಸಿ ಮಣ್ಣು ಮಾಡಕ್ಕೆ ಎದೆಮಟ್ಟ ಆದ್ರೂ ಆಳ ಬೇಕು ಕಣಪ್ಪ," ಅಂದರು ಅಯ್ಯನವರು ಮಹದೇವಯ್ಯ.

"ಒಂದ್ ಕುಳಿ ಕೊರ್ದು ಸಿಡಿಮದ್ದು ಮಡುಗ್ತೀನಿ. ಗಳಿಗೇಲಿ ಆಯ್ತದೆ," ಅಂದ ಸತ್ತವನ ತಮ್ಮ, ಕ್ವಾರಿ ಮಾಲೀಕ ಮದನ್.

ರಮ್ಯ ಗಂಡನ ಪಕ್ಕದಿಂದ ಎದ್ದು ಬಂದು ಮೈದುನನ ಕೆನ್ನೆಗೆ ಬಾರಿಸಿದಳು. ತುಟಿ ಒಡೆದು ರಕ್ತ ಬಂತು. ಮತ್ತೆ ಬಾರಿಸಿದಳು. ಬಿಡಿಸಲು ಬಂದವರನ್ನು ಅತ್ತೆ ಚನ್ನಾಜಮ್ಮನೇ ತಡೆದರು. "ಬುಡ್ರಪ್ಪ, ಬಾರಿಸ್ಲಿ."

"ಮದ್ದಿಟ್ಟೇ ನನ್ ಗಂಡನ್ನ ಕೊಂದೆ," ಅಂದಳು ರಮ್ಯ. "ಅವರ ಗುಣಿಗೂ ಮದ್ದಾ?"

*

ಪ್ರಸಾದ ಅಣುವಿಗಿಂತ ಸಣ್ಣ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರದ ನಕ್ಷೆ ಮಾಡುವವನು. ಅದಕ್ಕೆ ಮೈಲುಗಟ್ಟಲೆ ಸುರಂಗ ಬೇಕು, ದುಡ್ಡೆಲ್ಲ ಅಲ್ಲೇ ಸುರಿಯಬೇಕು, ಬಡ ದೇಶದ ಕೈಗೆ ಎಟುಕುವುದಿಲ್ಲ. ಅಲುಗದ ಬಂಡೆ ಸಿಕ್ಕರೆ ಕಾಂಕ್ರೀಟ್ ಗೋಡೆಯೇ ಬೇಡ, ಅರ್ಧ ಖರ್ಚಲ್ಲಿ ಮುಗಿಸಬಹುದು ಎನ್ನುವುದು ಅವನ ಹಟ. ತೊಂಬತ್ತೆಂಟರ ಬೇಸಿಗೆಯಲ್ಲಿ ತನ್ನೂರು ಹೆಮ್ಮರಗಾಲಕ್ಕೆ ಬಂದವನು ನೆಲದ ನಡುಕ ಬರೆಯುವ ಪೆಟ್ಟಿಗೆಯೊಂದನ್ನು ಹೊಲದಲ್ಲಿಟ್ಟ. ತಮ್ಮನ ಕ್ವಾರಿ ಸಿಡಿದಾಗಲೆಲ್ಲ ಅದರ ಮುಳ್ಳು ಹುಚ್ಚೆದ್ದು ಕುಣಿಯುತ್ತಿತ್ತು.

"ಒಂದು ದಿನ ನಿಲ್ಸು ಕಣೋ. ಬಂಡೆ ಅಲುಗಲ್ಲ ಅಂತ ತೋರ್ಸಕ್ಕೆ ನೆಟ್ಟಗಿರೋ ಒಂದು ಗೆರೆ ಸಿಕ್ರೆ ಸಾಕು."

"ಆಯ್ತು ಕಣಣ್ಣ, ನಾಳೆ ಸಿಡ್ಸಲ್ಲ."

ಬೆಳಿಗ್ಗೆ ಲಾರಿ ಬಂದು ನಿಂತಿತು. ಲೋಡಿಗೆ ಕಲ್ಲು ಸಾಲಲಿಲ್ಲ. ಮದನ್ ಸಿಡಿಸಿಬಿಟ್ಟ. ಅಣ್ಣ ಇನ್ನೊಂದು ಪೆಟ್ಟಿಗೆ ಇಡಲು ಕ್ವಾರಿಯ ತಳಕ್ಕೆ ಇಳಿದದ್ದನ್ನು ಅವನು ನೋಡಿರಲಿಲ್ಲ. ತಮ್ಮನ ಮಾತು ನಂಬಿ ಇಳಿದಿದ್ದ ಪ್ರಸಾದ; ನಂಬದೆ ಹೋಗಿದ್ದರೆ ಬದುಕಿರುತ್ತಿದ್ದ.

*

ಮದನ್ ಬಾಯಿ ಒರೆಸಿಕೊಳ್ಳದೆ ಅಂಗಿ ಬಿಚ್ಚಿ ಗುಣಿಗಿಳಿದ. ಉಳಿ ಸುತ್ತಿಗೆ ಹಿಡಿದು ಕುಟ್ಟತೊಡಗಿದ. ಇಷ್ಟು ದಿನ ಆಳುಗಳ ಕೈಲಿ ಕುಟ್ಟಿಸಿದವನು. ಅಂಗೈ ಚರ್ಮ ಬೇಗನೆ ಕಿತ್ತು ಬಂದು ಸುತ್ತಿಗೆಯ ಹಿಡಿ ಕೆಂಪಾಯಿತು.

"ಇತ್ಲಾಗ್ ಕೊಡಿ ಸಾ," ಅಂದ ಕ್ವಾರಿಯ ಆಳು ಹುಚ್ಚಯ್ಯ. ಮದನ್ ಕೊಡಲಿಲ್ಲ.

ಬದುವಿನಾಚೆ ಪೆಟ್ಟಿಗೆ ಇನ್ನೂ ಓಡುತ್ತಿತ್ತು. ಅದನ್ನು ನಿಲ್ಲಿಸಲು ರಮ್ಯಳಿಗೆ ಮನಸ್ಸು ಬಂದಿರಲಿಲ್ಲ. ಸುತ್ತಿಗೆಯ ಒಂದೊಂದು ಪೆಟ್ಟಿಗೂ ಮುಳ್ಳು ಕಾಗದವನ್ನು ಗೀರುತ್ತಿತ್ತು.

ಹೊತ್ತಿಳಿಯುವಾಗ ಎದೆಮಟ್ಟ ಆಯಿತು. ಪ್ರಸಾದನನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಮಣ್ಣು ಮುಚ್ಚಿದರು. ಜನ ಚದುರಿದರು.

"ನಡಿ ಮಗಾ," ಅಂದರು ಚನ್ನಾಜಮ್ಮ.

"ನೀವು ಹೋಗಿರಿ ಅತ್ತೆ, ಬತ್ತೀನಿ."

ದೂರದಲ್ಲಿ ಮದನ್ ಅಂಗೈಗಳನ್ನು ಮೇಲೆ ಮಾಡಿ ಕೂತಿದ್ದ. ರಮ್ಯ ಅತ್ತ ನೋಡದೆ ಪೆಟ್ಟಿಗೆಯ ಮುಂದೆ ಕೂತಳು. ಕ್ವಾರಿಯಲ್ಲಿ ಸದ್ದಿಲ್ಲ. ಅತ್ತೆಯ ಹೆಜ್ಜೆ ದೂರವಾಗುತ್ತಿದ್ದಂತೆ ಮುಳ್ಳು ಒಂದೆರಡು ಸಲ ತೊನೆಯಿತು. ಆಮೇಲೆ ಕಾಗದದ ಮೇಲೆ ಗೆರೆ ನೆಟ್ಟಗೆ ಬರತೊಡಗಿತು.