ಕೊಬ್ಬರಿ ಅಟ್ಟದ ಸಾಂಡ

ಹಂಡೆ ಒಲೆಗೆ ತೆಂಗಿನ ಮಟ್ಟೆ ತುರುಕಿ ಶಿವರುದ್ರಮ್ಮ ಊದುಗೊಳವೆಯನ್ನು ಬಾಯಿಗಿಟ್ಟಿದ್ದಳಷ್ಟೇ, ಅಟ್ಟದ ಮೇಲೆ ಒಣಗಾಯಿಗಳು ಉರುಳಿದ ಸದ್ದಾಯಿತು. ಇಲಿಯಿರಬೇಕೆಂದು ಇನ್ನೊಮ್ಮೆ ಊದಿದಳು. ಹಿಂದೆಯೇ ಮಗುವಿನ ಕೆಮ್ಮು ಕೇಳಿಸಿತು. ಊದುಗೊಳವೆ ಬಿಸಾಡಿ ಓಡಿದಳು.

ಮೂರು ವರ್ಷದವಳಿದ್ದಾಗ ಬಂದ ಜ್ವರ ಮಗಳು ಮಂಗಳಳ ಎಡಗಾಲಿನ ಶಕ್ತಿಯನ್ನೆಲ್ಲ ಹೀರಿಕೊಂಡು ಹೋಗಿತ್ತು. ಈಗ ಏಳು ತುಂಬಿದೆ. ಹೊಸಿಲು ದಾಟಬೇಕಾದರೂ ತೊಡೆಯ ಮೇಲೆ ಕೈಯೂರುವ ಹುಡುಗಿ ಏಣಿ ಹತ್ತಿದ್ದಾಳೆ!

"ಅಲ್ಲೇ ಕೂತ್ಕೊ ಕಣವ್ವಾ, ಅಲ್ಲಾಡಬ್ಯಾಡ. ಬಂದೆ."

ಅಡುಗೆ ಒಲೆಯ ಕಾವು ಸದಾ ತಾಗುವ ಆ ಅಟ್ಟದಲ್ಲಿ, ಕೊಬ್ಬರಿಗೆಂದು ಒಣಗಲು ಬಿಟ್ಟ ಕಾಯಿಗಳ ನಡುವೆ, ಮಂಗಳ ಲಂಗ ಹರವಿ ಕೂತಿದ್ದಳು. ಮಡಿಲಲ್ಲಿ ಸಾಂಡ, ಮರಳುಗಾಡಿನ ಹಲ್ಲಿ. ಉಡಕ್ಕಿಂತ ಸಣ್ಣದು, ಓತಿಕ್ಯಾತಕ್ಕಿಂತ ದೊಡ್ಡದು. ಮರಳಿನ ಬಣ್ಣ, ಬಾಲದ ತುಂಬ ಮುಳ್ಳಿನ ಉಂಗುರ.

ಐದು ದಿನದ ಹಿಂದೆ ಗಂಡ ಪಂಚಾಕ್ಷರಿ ಅದನ್ನು ಹುಳಿಯಾರು ಸಂತೆಯಿಂದ ಗೋಣಿಚೀಲದಲ್ಲಿ ತಂದಿದ್ದ. ಮರಳುಗಾಡಿನ ಕಡೆಯ ಎಣ್ಣೆಯವನೊಬ್ಬ ಹೇಳಿದ್ದನಂತೆ: ಇದರ ಕೊಬ್ಬು ಕಾಯಿಸಿ ಇಪ್ಪತ್ತೊಂದು ದಿನ ತಿಕ್ಕಿದರೆ ಸೊರಗಿದ ಕಾಲು ತುಂಬಿಕೊಳ್ಳುತ್ತದೆ, ಆದರೆ ಎಣ್ಣೆ ಒಲೆಯಿಂದ ಇಳಿಸಿದ ಹೊಸದೇ ಆಗಬೇಕು. ಮಾಂಸ ಮುಟ್ಟದ ಮನೆತನ. ಸಂತೆಯಲ್ಲಿ ನಾಲ್ಕು ಜನರೆದುರು ಜೀವ ತೆಗೆಸಿದನೆಂದರೆ ಮರ್ಯಾದೆ ಏನಾದೀತು? ಯಾರಿಗೂ ಕಾಣದ ಹಾಗೆ ತೋಟದ ಮೂಲೆಯಲ್ಲಿ ಕಾಯಿಸಿಕೊಡೆಂದು ಎಣ್ಣೆಯವನಿಗೆ ಒಂದು ದಿನ ಗೊತ್ತುಮಾಡಿ, ಪ್ರಾಣಿ ಬದಲಾಯಿಸಿಯಾನೆಂದು ಅದನ್ನು ಜೀವಸಹಿತ ಮನೆಗೆ ಹೊತ್ತುಕೊಂಡು ಬಂದಿದ್ದ. ಚೀಲ ಮಿಸುಕಿದ್ದು ಕಂಡು ಮಗಳು, "ಏನಪ್ಪಾ ಅದು?" ಎಂದಾಗ, "ನಿಂಗೇ ತಂದಿದ್ದು ಕಣವ್ವಾ" ಎಂದುಬಿಟ್ಟ. ಪೂರಾ ಸುಳ್ಳೂ ಅಲ್ಲ.

ಅವತ್ತಿನಿಂದ ಅದು ಅವಳದ್ದಾಯಿತು. ರಾತ್ರಿ ಬೆಚ್ಚಗಿರಲೆಂದು ಅಟ್ಟದಲ್ಲಿಡುತ್ತಿದ್ದ ಅದನ್ನು ದಿನಾ ಬೆಳಿಗ್ಗೆ ಶಿವರುದ್ರಮ್ಮ ಮೊರದಲ್ಲಿ ಇಳಿಸಿ ಅಂಗಳದ ಬಿಸಿಲಿಗಿಡುತ್ತಿದ್ದಳು. ಮಂಗಳ ನುಗ್ಗೆ ಹೂವು, ಅವರೆ ಸೊಪ್ಪು ಒಂದೊಂದಾಗಿ ಮುಂದೆ ಹಿಡಿಯುತ್ತಿದ್ದಳು. ಅತ್ತೆ ಸಿದ್ದಗಂಗಮ್ಮ ಮೊದಲ ದಿನ ಮೂಗು ಮುರಿದವರು ಮೂರನೆಯ ದಿನ ಹತ್ತಿರ ಬಂದು ಕೂತರು. "ನೊಣ ಮೂಗಿನ ಮೇಲೆ ಕೂತ್ರೂ ಮುಟ್ಟಲ್ವಲ್ಲೇ! ನಮ್ಮೋರೇ ಕಣೇ ಇದು, ವಿಭೂತಿ ಒಂದಿಲ್ಲ!" ಎಂದು ನಕ್ಕರು. ಸೊಸೆಯ ಮುಖ ನೋಡಿ ಆ ನಗು ಅಲ್ಲಿಗೇ ನಿಂತಿತು.

ಅದು ಹಿಂಗಾಲುಗಳನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿತ್ತು. "ಇದ್ಕೂ ಜ್ವರ ಬಂದಿತ್ತಾ ಅಮ್ಮಾ?" ಎಂದು ಮಗಳು ಕೇಳಿದ್ದಳು. ಓಡದಿರಲೆಂದು ಎಣ್ಣೆಯವನು ಹೆಬ್ಬೆರಳಿನಿಂದ ಅದರ ಬೆನ್ನು ಲಟಕ್ಕೆನಿಸಿದ್ದನ್ನು ಗಂಡನಿಂದ ಕೇಳಿ ತಿಳಿದಿದ್ದ ಶಿವರುದ್ರಮ್ಮ, "ಹೂಂ ಮಗಾ" ಎಂದಿದ್ದಳು.

ನಿನ್ನೆ ಸಂಜೆ ಅಪ್ಪ, ಅಜ್ಜಿ ಸಾಂಡದ ಎಣ್ಣೆಯ, ಅವಳ ಕಾಲಿನ, ಒಲೆ ಹೂಡುವ ಜಾಗದ ಮಾತಾಡುತ್ತಿದ್ದಾಗ ಮಂಗಳ ಕಂಬದ ಹಿಂದೆ ನಿಂತಿದ್ದಳು. ಆಮೇಲೆ ಉಣ್ಣುವಾಗ, ತಲೆ ಬಾಚಿಸಿಕೊಳ್ಳುವಾಗ, ಏನೋ ಕೇಳಲು ಬಾಯಿ ತೆರೆಯುವಳು, ಮುಚ್ಚುವಳು. ಇವತ್ತು ಎಣ್ಣೆಯವನು ಬರುವ ದಿನ. ಶಿವರುದ್ರಮ್ಮ ಮೊರ ಇಳಿಸಿರಲಿಲ್ಲ.

"ಬೀಳ್ತಿದ್ದೆಯಲ್ಲೇ! ಹೆಂಗೆ ಹತ್ತಿದೆ?"

"ಕೈಯಾಗೆ ಎಳ್ಕೊಂಡು. ನೀನು ಇಳಿಸ್ಲಿಲ್ವಲ್ಲ."

ಅಂಗೈ ಎರಡೂ ತರಚಿದ್ದವು. ಶಿವರುದ್ರಮ್ಮ ಸೆರಗಿನಿಂದ ಒರೆಸುತ್ತಿರುವಾಗಲೇ ಕೆಳಗಿನಿಂದ ಪಂಚಾಕ್ಷರಿಯ ಕೂಗು ಬಂತು.

"ಲೇ ರುದ್ರೀ, ಅವ್ನು ಬಂದವ್ನೆ ಕಣೇ! ಬೇಲಿ ಹತ್ರ ಕಲ್ಲು ಹೂಡ್ತಾವ್ನೆ. ಬೇಗ ಇಳ್ಸು!"

"ಮಗೀನ ಒಳಕ್ಕೆ ಕಳ್ಸೇ ಮೊದ್ಲು," ಅತ್ತೆಯ ದನಿ.

ದೊಡ್ಡಾಸ್ಪತ್ರೆಯ ಡಾಕ್ಟರು ಕಬ್ಬಿಣದ ಪಟ್ಟಿಯ ಬೂಟು ಬರೆದುಕೊಟ್ಟು, ಇನ್ನೇನೂ ಆಗುವುದಿಲ್ಲ ಎಂದಿದ್ದರು. ಶಿವರುದ್ರಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ, ಸ್ಕೂಲಿನ ದಾರಿಯಲ್ಲಿ ಮಕ್ಕಳು ಮಗಳ ನಡಿಗೆಯನ್ನು ಅಣಕಿಸಿದ್ದು ನೋಡಿದಾಗೆಲ್ಲ, ಎಲ್ಲೋ ಒಂದು ಎಣ್ಣೆ ಇರಬಹುದೆಂದು ಮನಸ್ಸು ಹುಡುಕುತ್ತಿತ್ತು. ಇಪ್ಪತ್ತೊಂದೇ ದಿನ. ಒಂದು ಹಲ್ಲಿಯಂಥ ಜೀವ.

ಕೈ ಚಾಚಿದಳು. "ಕೊಡವ್ವಾ."

ಮಂಗಳ ಅಳಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಸಾಂಡದ ಹಿಂಗಾಲೊಂದನ್ನು ಬೆರಳಿಂದ ನೇರ ಮಾಡಿದಳು. ಅದು ಮತ್ತೆ ಹಾಗೇ ಮಡಚಿಕೊಂಡಿತು.

"ರುದ್ರೀ!" ಗಂಡ ಏಣಿಯ ಬುಡಕ್ಕೆ ಬಂದಿದ್ದ.

ಮಗಳು ತಲೆಯೆತ್ತಿ ತಾಯಿಯ ಮುಖವನ್ನೇ ನೋಡಿದಳು.

"ಅಮ್ಮಾ, ನನ್ ಕಾಲು ಹಿಂಗೇ ಇದ್ಬುಟ್ರೆ, ನಾನು ನಿಂಗೆ ಬ್ಯಾಡ್ವಾ?"