ಕರೆಯಲಿ ಎಂದು ಕಾದವರು

ಬೀದಿಯ ಕೊನೆಯ ಆಸ್ಪತ್ರೆಗೆ ಬೀಗ ಬಿದ್ದು ವರ್ಷವಾಯಿತು. ಅದರ ಮುಂದೆ ಹಾಯುವಾಗಲೆಲ್ಲ ಇಸ್ತ್ರಿ ಅಮ್ಮ ಮುಖ ತಿರುಗಿಸಿಕೊಳ್ಳುತ್ತಾಳೆ. ಹೆರಿಗೆ ನೋವು ತಿನ್ನುತ್ತಿದ್ದ ಅವಳ ಹಿರಿಮಗಳು ದೂರದ ದೊಡ್ಡಾಸ್ಪತ್ರೆಯ ದಾರಿಯಲ್ಲೇ ಕಣ್ಣು ಮುಚ್ಚಿದಳು. ಕೂಸು ಉಳಿಯಿತು. ಈಗ ಅದು ಅಜ್ಜಿ ದುಡಿಯುವ ಲಾಂಡ್ರಿಯ ಮೂಲೆಯಲ್ಲಿ, ಒಗೆದ ಬಟ್ಟೆಯ ಬುಟ್ಟಿಯೊಳಗೆ ಮಲಗಿರುತ್ತದೆ.

ಒಂದು ಬೆಳಿಗ್ಗೆ ಕಿರಿಮಗಳು ಮೆಲ್ಲಗೆ ಬಾಯಿಬಿಟ್ಟಳು. "ಅಮ್ಮಾ, ಯೂನಿವರ್ಸಿಟೀಲಿ ಸೀಟು ಸಿಕ್ತು. ರಾಜ್ಯಶಾಸ್ತ್ರ."

ಇಸ್ತ್ರಿಪೆಟ್ಟಿಗೆ ಅಂಗಿಯ ತೋಳಿನ ಮೇಲೇ ನಿಂತುಬಿಟ್ಟಿತು.

"ರಾಜಕೀಯಾನಾ? ಮೈಕ್ ಹಿಡ್ಕೊಂಡು ಸುಳ್ಳು ಹೇಳೋದಕ್ಕೂ ಕಾಲೇಜು ಬೇಕೇನೇ?"

"ತೋಳು ಸುಡ್ತಿದೆ ಅಮ್ಮ."

"ಸುಡ್ಲಿ! ನರ್ಸಿಂಗ್ ಓದು ಅಂದಿದ್ದೆ ತಾನೇ? ನಿಮ್ಮಕ್ಕ ಒದ್ದಾಡುವಾಗ ಒಬ್ಬ ನರ್ಸ್ ಇರಲಿಲ್ಲ."

"ಊರಲ್ಲಿ ನರ್ಸ್ ಇದ್ರು. ಆಸ್ಪತ್ರೆ ಬಾಗಿಲೇ ಮುಚ್ಚಿತ್ತು."

ತಾಯಿ ಇಸ್ತ್ರಿಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. ಅಷ್ಟರಲ್ಲಿ ಪಕ್ಕದ ಮನೆಯವಳು ಬಟ್ಟೆಗೆ ಬಂದಳು. ಅದೇ ರಾಜ್ಯಶಾಸ್ತ್ರ ಓದಿ, ಊರಿನ ರೇಡಿಯೋಗೆ ಸುದ್ದಿ ತರುವ ಕೆಲಸದವಳು. ಬೀದಿಗೆಲ್ಲ ರೇಡಿಯೋ ಅಕ್ಕ.

"ಬಂದಳು, ಬಾಯಿ ತೆಗೆದ್ರೆ ವಾರ್ತೆ! ಇವಳ ತಲೆ ಕೆಡಿಸಿದ್ದು ನೀನೇ ತಾನೇ? ಆ ಓದು ಓದಿ ಎಷ್ಟು ಜನ ಮಂತ್ರಿ ಆದ್ರಮ್ಮ?"

"ಒಬ್ಬರೂ ಇಲ್ಲ ದೊಡ್ಡಮ್ಮ. ನನ್ನ ಜೊತೆಯವಳೊಬ್ಬಳು ಕಾರ್ಮಿಕ ಕಚೇರೀಲಿದ್ದಾಳೆ. ಇನ್ನೊಬ್ಬ ಆಮೇಲೆ ಕಾನೂನು ಓದಿ ವಕೀಲನಾದ. ಒಬ್ಬಳು ಪಾಠ ಹೇಳ್ತಾಳೆ. ಕೆಲಸಕ್ಕೆ ಅಲೆದು ಚಪ್ಪಲಿ ಸವೆಸಿದವರೂ ಇದ್ದಾರೆ, ಯಾಕೆ ಮುಚ್ಚಿಡ್ಲಿ?"

"ಹೋದ ನನ್ನ ಮಗಳು ವಾಪಸ್ ಬರ್ತಾಳಾ ಇದ್ರಿಂದ?"

ರೇಡಿಯೋ ಅಕ್ಕ ಬುಟ್ಟಿಯಲ್ಲಿ ಮಲಗಿದ್ದ ಕೂಸನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. "ಆಸ್ಪತ್ರೆ ಮುಚ್ಚೋಕೆ ಮುಂಚೆ ನಗರಸಭೇಲಿ ಜನರ ಮಾತು ಕೇಳೋ ಸಭೆ ಇತ್ತಲ್ಲ, ಹೋಗಿರಲಿಲ್ವಾ?"

"ಹೋಗದೆ ಏನು? ಲಾಂಡ್ರಿಯವರೆಲ್ಲ ಕೆಲಸ ಬಿಟ್ಟು ಹೋಗಿದ್ವಿ. ಸಂಜೆವರೆಗೂ ಹೊರಗೆ ನಿಂತಿದ್ವಿ. ಕರೀಲೇ ಇಲ್ಲ."

ಹೋಟೆಲಿರಲಿ, ದೊಡ್ಡ ಮನೆಯಿರಲಿ, ಗಂಟು ಹೊತ್ತು ಹಿತ್ತಿಲ ಬಾಗಿಲಲ್ಲಿ ನಿಲ್ಲುವುದು, ಕರೆದರೆ ಮಾತ್ರ ಒಳಗೆ ಕಾಲಿಡುವುದು ಅವರ ಕಸುಬಿನ ರೂಢಿ. ಸಭೆಗೂ ಹಾಗೆಯೇ ಹೋಗಿದ್ದರು.

"ಅಲ್ಲಿ ಕರೆಯೋದಿಲ್ಲ ದೊಡ್ಡಮ್ಮ, ಆ ಓದಲ್ಲಿ ಇದನ್ನೇ ಕಲಿಸೋದು. ಯಾರು ಬೇಕಾದ್ರೂ ಒಳಗೆ ಹೋಗಿ 'ಮುಚ್ಚಬೇಡಿ' ಅನ್ನಬಹುದಿತ್ತು. ಒಳಗಿದ್ದ ಅಧಿಕಾರಿಗಳು ಯಾರದೂ ವಿರೋಧ ಇಲ್ಲ ಅಂತ ಬರೆದು ಎದ್ದುಬಿಟ್ರು."

"ಗಾಜಿನ ಬಾಗಿಲು..." ಇಸ್ತ್ರಿ ಅಮ್ಮ ಬುಟ್ಟಿಯ ಪಕ್ಕ ಕುಸಿದು ಕೂತಳು. "ನಾವು ನಿಂತಿದ್ದು ಅವರಿಗೆ ಕಾಣ್ತಿತ್ತು. ಒಬ್ಬ ನಮ್ಮ ಕಡೆ ನೋಡಿ ನಕ್ಕಿದ್ದ ಕೂಡ. ಒಳಗೆ ಹೋಗಿದ್ರೆ ಅವಳು ಉಳೀತಿದ್ಳಾ?"

"ಗೊತ್ತಿಲ್ಲ. ಆದ್ರೆ ಅಷ್ಟು ಸಲೀಸಾಗಿ ಬೀಗ ಹಾಕೋಕೆ ಆಗ್ತಿರಲಿಲ್ಲ."

ಕೂಸು ಎದ್ದು ಅತ್ತಿತು. ಇಸ್ತ್ರಿ ಅಮ್ಮ ಅದನ್ನು ಎದೆಗವಚಿಕೊಂಡು ಬೆನ್ನು ತಟ್ಟಿದಳು. ಕೊನೆಗೆ ಕಿರಿಯವಳಿಗೆ, "ನಿನ್ನ ಆ ನೀಲಿ ಅಂಗಿ ತಾ," ಎಂದಳು. "ಇಸ್ತ್ರಿಯವಳ ಮಗಳು ಮೊದಲ ದಿನವೇ ಮುದುಡಿದ ಅಂಗೀಲಿ ಹೋಗಬಾರದು. ಮತ್ತೆ, ಮುಂದಿನ ಸಭೆ ಯಾವತ್ತು ಅಂತ ಕೇಳ್ಕೊಂಡು ಬಾ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಆ ಬೀಗ ಇನ್ನೂ ಅಲ್ಲೇ ಇದೆ. ನಿಮ್ಮ ಮಕ್ಕಳು ರಾಜ್ಯಶಾಸ್ತ್ರ ಓದುತ್ತೇವೆಂದರೆ ನಗಬೇಡಿ. ನಮ್ಮ ಬೀದಿಗೆ ಬೀಗ ಹಾಕುವವರು ತಮ್ಮ ಮಕ್ಕಳಿಗೆ ಆ ಓದು ಕೊಡಿಸುತ್ತಲೇ ಇದ್ದಾರೆ. ನಿಮ್ಮೂರಿನ ಸಭೆ ಯಾವತ್ತು ಎಂಬುದನ್ನು ಇವತ್ತೇ ಕೇಳಿ ತಿಳಿಯಿರಿ. ಹೋಗಿ, ಬಾಗಿಲು ತಳ್ಳಿ, ಒಳಗೆ ನಡೆಯಿರಿ. ಕರೆಯಲಿ ಎಂದು ಕಾದವರ ಮೊಮ್ಮಗು ತಾಯಿಯ ಮುಖ ಕಾಣದೆ ಬೆಳೆಯುತ್ತಿದೆ.